ತಿಪ್ಪೆಯ ಬಿಳಿನೂಲು, ನನ್ನ ಮೈಲುತುತ್ತ

ನೌಕರಿಯ ಮೊದಲ ಹತ್ತು ವರ್ಷ ನಾನು ಕಾಗದಕ್ಕಿಂತ ಹೆಚ್ಚು ಸಗಣಿಗೆ ಕೈ ಹಾಕಿದವನು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ತಿಪ್ಪೆಗಳನ್ನು ನನ್ನಷ್ಟು ಕೆದಕಿ ನೋಡಿದವರು ಇನ್ನೊಬ್ಬರು ಇರಲಿಕ್ಕಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವವರು ನನ್ನ ಬಡ್ತಿಗಳ ಕಥೆ ಕೇಳಿ ಮಾಡುವುದೇನೂ ಇಲ್ಲ. ಬಡ್ತಿ ಎಲ್ಲರಿಗೂ ಒಂದಿಲ್ಲೊಂದು ದಿನ ಬರುತ್ತದೆ, ಬಂದಾಗ ಪೇಢೆ ಹಂಚಿದರೆ ಮುಗಿಯಿತು. ನಾನು ಕೆಡಿಸಿದ ಒಂದು ಕೆಲಸವನ್ನು ಬರೆದಿಟ್ಟರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಪೆನ್ನು ಹಿಡಿದಿದ್ದೇನೆ.

ನಾನು ಗ್ರಾಮಸೇವಕನಾಗಿ ಸೇರಿದಾಗ ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಕಚೇರಿಯ ಅರ್ಧ ಕಾಗದ ಮರಾಠಿಯಲ್ಲಿ, ಉಳಿದರ್ಧ ಇಂಗ್ಲಿಷಿನಲ್ಲಿ. ರೈತನ ಮುಂದೆ ಕನ್ನಡದಲ್ಲಿ ಹೇಳುವಷ್ಟರಲ್ಲಿ ನನಗೇ ಅರ್ಥ ತಪ್ಪಿರುತ್ತಿತ್ತು. ನಾನು ಬಾಗೇವಾಡಿಯವನು. ತಂದೆ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಮನೆಯಲ್ಲಿ ಸ್ವಂತ ಹೊಲ ಇರಲಿಲ್ಲ, ಹಾಗಾಗಿ ಒಕ್ಕಲುತನದ ವಿಷಯದಲ್ಲಿ ತರಬೇತಿ ಕೇಂದ್ರದಲ್ಲಿ ಹೇಳಿದ್ದೇ ನನಗೆ ವೇದ. ನನ್ನ ಮೊದಲ ಸಾಹಸ ಇಂಗಳೇಶ್ವರದಲ್ಲಿ ಜಪಾನಿ ಪದ್ಧತಿಯಲ್ಲಿ ಭತ್ತ ನಾಟಿ ಮಾಡುವ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದು. ಮೊಣಕಾಲು ನೀರಿನಲ್ಲಿ ಬಾಗಿ ನಿಂತ ಹೆಂಗಸರ ಚಿತ್ರವದು. ಜೋಳ ಬೆಳೆಯುವ ಆ ಊರಿನ ಹಿರಿಯರೊಬ್ಬರು ಬಹಳ ಹೊತ್ತು ಅದನ್ನು ನೋಡಿ, "ಇಷ್ಟ ನೀರು ಎಲ್ಲಿ ಸಿಗತಾವು ಅನ್ನೂದರ ಚಿತ್ರ ಐತೇನ್ರಿ?" ಎಂದು ಕೇಳಿದರು. ನಾನು ಸೈಕಲ್ ಹತ್ತಿ ಮುಂದಿನ ಊರಿಗೆ ಹೋದೆ.

ಆಮೇಲೆ ನನ್ನನ್ನು ಸಿಂದಗಿ ತಾಲ್ಲೂಕಿಗೆ ಹಾಕಿದರು. ಯಂಕಂಚಿಯ ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ನನ್ನ ಮೇಲಿನ ಅಧಿಕಾರಿ ಜೋಶಿ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಗೊಬ್ಬರದ ಗುಂಡಿಯ ಹುಚ್ಚು ಹತ್ತಿದವರು. ಬೆತ್ತದಿಂದ ಗುಂಡಿಯ ಉದ್ದ ಅಗಲ ಅಳೆಯುತ್ತಿದ್ದರು. ಅಳತೆ ಸರಿಯಿದ್ದರೆ ಒಳಗೆ ಏನಿದೆ ಎಂದು ಬಗ್ಗಿ ನೋಡುತ್ತಿರಲಿಲ್ಲ. ಒಳಗೆ ಬಗ್ಗಿ ನೋಡುವುದನ್ನು ನನಗೆ ಕಲಿಸಿದವಳು ಯಂಕಂಚಿಯ ಗಂಗವ್ವ.

ಗಂಗವ್ವನಿಗೆ ಆಗ ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಹೊಲ ಮನೆ ಎರಡನ್ನೂ ತಾನೇ ನಡೆಸಿದವಳು. ಮಗ ಶರಣಪ್ಪ ಬೆಳೆದು ನಿಂತಿದ್ದರೂ ಎತ್ತಿಗೆ ಎಷ್ಟು ಮೇವು ಹಾಕಬೇಕೆಂಬುದನ್ನು ತಾಯಿಯನ್ನೇ ಕೇಳುತ್ತಿದ್ದ. ಸುತ್ತಲಿನ ಹೊಲಗಳಲ್ಲಿ ತೊಗರಿ ನೆಟೆ ರೋಗ ಬಂದು ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗುತ್ತಿತ್ತು. ಇವರ ಹೊಲದಲ್ಲಿ ಅಷ್ಟಾಗಿ ಒಣಗುತ್ತಿರಲಿಲ್ಲ. ಬೀಜದ ತೊಗರಿಗೆ ಬೀಗರು ನೆಂಟರು ಇವರ ಮನೆಗೇ ಬರುತ್ತಿದ್ದರು. ಇದರ ಗುಟ್ಟೇನೆಂದು ಕೇಳಿದ್ದಕ್ಕೆ ಅವಳು ನನ್ನನ್ನು ತಿಪ್ಪೆಯ ಹತ್ತಿರ ಕರೆದೊಯ್ದಳು. ಕುಕ್ಕರಗಾಲಲ್ಲಿ ಕುಳಿತು ಒಂದು ಹೆಂಟೆ ಒಡೆದು ತೋರಿಸಿದಳು.

"ನೋಡು ತಮ್ಮಾ, ಒಳಗ ಬಿಳಿನೂಲು ಕಾಣತಾವಲ್ಲ, ಇವು ಬರೂತನಾ ನಾ ಹೊಲಕ್ಕ ಒಂದ ಬುಟ್ಟಿ ಒಯ್ಯಂಗಿಲ್ಲ."

ಹೆಂಟೆಯ ಒಳಗೆ ಜೇಡನ ಬಲೆಯಂಥ ತೆಳ್ಳನೆಯ ಬಿಳಿ ಎಳೆಗಳು ಹಬ್ಬಿದ್ದವು. ಮೂಗಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬಂತು.

"ಇದು ಬೂಸ್ಟ ಅಲ್ಲೇನವ್ವಾ?" ಎಂದೆ.

"ಹೆಸರ ನಿಮಗ ಗೊತ್ತು. ನಮಗ ಗೊತ್ತಿರೂದು ಇಷ್ಟ, ಇದು ಬಂದ ಗೊಬ್ಬರ ಹಾಕಿದ್ರ ತೊಗರಿ ಬೇರು ಗಟ್ಟಿ ಇರತೈತಿ."

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೇಸಿಗೆಯಲ್ಲಿ ತಿಪ್ಪೆ ಖಾಲಿ ಮಾಡಿ ಗೊಬ್ಬರವನ್ನು ಹೊಲಕ್ಕೆ ಹೇರುವಾಗ ತಳದ ನಾಲ್ಕು ಬುಟ್ಟಿ ಹಳೆಯ ಗೊಬ್ಬರವನ್ನು ಬಿಡುತ್ತಿದ್ದರು. ಹೊಸ ಸಗಣಿ ಬೀಳತೊಡಗಿದಾಗ ಅದನ್ನು ಮೇಲೆ ಉದುರಿಸಬೇಕು. ಹಾಲಿಗೆ ಹೆಪ್ಪು ಹಾಕಿದಂತೆ. ಅವರು ಕರೆಯುತ್ತಿದ್ದುದೂ ಹೆಪ್ಪು ಅಂತಲೇ. ಯಾರ ಕೈ ಅದಕ್ಕೆ ಆಗಿಬರುತ್ತದೆಯೋ ಅವರೇ ಹಾಕಬೇಕು. ಗಂಡನ ಮನೆಗೆ ಬಂದಾಗಿನಿಂದ ಗಂಗವ್ವನೇ ಹಾಕಿದ್ದಳು. ಆ ವರ್ಷ ಶರಣಪ್ಪನ ಮದುವೆಯಾಗಿ ದೇವರ ಹಿಪ್ಪರಗಿಯಿಂದ ನೀಲವ್ವ ಸೊಸೆಯಾಗಿ ಬಂದಿದ್ದಳು. ಬುಟ್ಟಿಯನ್ನು ಅವಳ ಕೈಗೆ ಕೊಟ್ಟು, "ಇನ್ನ ಮ್ಯಾಲೆ ಇದು ನಿಂದು," ಎಂದು ಗಂಗವ್ವ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬೇರೆ ಮನೆಗಳಲ್ಲಿ ಸೊಸೆಗೆ ಕೀಲಿಕೈ ಕೊಡುತ್ತಾರೆ, ಈ ಮನೆಯಲ್ಲಿ ಕೊಟ್ಟದ್ದು ಗೊಬ್ಬರದ ಬುಟ್ಟಿ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಹೊಸ ತಿಪ್ಪೆಯ ತುಂಬ ಬೂದುಬಣ್ಣದ ಸಣ್ಣ ನಾಯಿಕೊಡೆಗಳು ಎದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ಕರಗಿ ಕಪ್ಪು ನೀರಾಗಿ ಇಳಿಯುತ್ತಿದ್ದವು. ಶರಣಪ್ಪ ನನ್ನ ಜೇಬಿನ ಕಡೆ ನೋಡಿ, "ಪೆನ್ನಿಗಿ ತುಂಬಿಕೋರಿ, ಶಾಯಿ ಉಳೀತೈತಿ," ಎಂದು ನಕ್ಕ. ನನಗೆ ನಗು ಬರಲಿಲ್ಲ. ತೊಗರಿಯ ನೆಟೆ ರೋಗಕ್ಕೆ ಮಣ್ಣಿನಲ್ಲಿರುವ ಒಂದು ಬೂಸ್ಟು ಕಾರಣ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಪಾಠದಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಅರ್ಧ ಮಾತ್ರ. ಬೂಸ್ಟು ಅಂದರೆ ರೋಗ. ತಿಪ್ಪೆಯಲ್ಲಿ ಬೂಸ್ಟು ಇದ್ದರೆ ಗೊಬ್ಬರದ ಜೊತೆ ರೋಗವನ್ನೂ ಹೊಲಕ್ಕೆ ಹೇರಿದ ಹಾಗೆ. ಈ ಲೆಕ್ಕ ನನಗೆ ಎಷ್ಟು ಸರಳವಾಗಿ ಕಂಡಿತೆಂದರೆ, ರೋಗ ಕಡಿಮೆ ಇದ್ದ ಹೊಲದ ತಿಪ್ಪೆಯಲ್ಲೇ ಅದು ಹೆಚ್ಚು ಇದೆಯಲ್ಲ ಎಂಬ ಪ್ರಶ್ನೆಯೇ ನನಗೆ ಏಳಲಿಲ್ಲ.

ಮರುದಿನ ಬೂಸ್ಟು ಕೊಲ್ಲುವ ನೀಲಿ ಹರಳಿನ ಔಷಧ ಮೈಲುತುತ್ತ ಮತ್ತು ಕೈಪಂಪು ತೆಗೆದುಕೊಂಡು ಹೋದೆ. ಗಂಗವ್ವ ಊರಲ್ಲಿ ಇರಲಿಲ್ಲ, ಮುದ್ದೇಬಿಹಾಳಕ್ಕೆ ತಂಗಿಯ ಮನೆಗೆ ಹೋಗಿದ್ದಳು. ಶರಣಪ್ಪ ನೀರು ಸೇದಿ ಕೊಟ್ಟ. ನೀಲಿ ನೀರು ಬಕೆಟ್ಟಿನಲ್ಲಿ ಕದಡುವುದನ್ನು ನೋಡುತ್ತಿದ್ದ ನೀಲವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಆದರೆ ನನಗೇ ಕೇಳುವಂತೆ ಹೇಳಿದಳು.

"ಅತ್ತಿ ಬರೂತನಾ ತಡೀರಿ. ಹೆಪ್ಪು ಹಾಕಿದ ತಿಪ್ಪಿ ಐತಿ."

"ರೋಗಕ್ಕ ನಿಮ್ಮ ಅತ್ತಿ ಬರೂತನಾ ತಡಿ ಅಂತ ಹೇಳಾಕ ಬರತೈತೇನವ್ವಾ?" ಎಂದು ನಾನು ನಕ್ಕೆ. ಶರಣಪ್ಪನೂ ನಕ್ಕ. ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು. ಆ ನಗುವನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈ ಹಿಡಿಯಾಗುತ್ತದೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಹೊಡೆದೆ, ತಿಪ್ಪೆಯನ್ನು ತಿರುವಿ ಒಳಗೂ ಸುರಿದೆ. ನಾಯಿಕೊಡೆ ಮತ್ತೆ ಏಳಲಿಲ್ಲ.

ಗಂಗವ್ವ ಬಂದು ಕೇಳಿದಾಗ, "ರೋಗ ಅಷ್ಟ ಸಾಯತೈತಿ, ಗೊಬ್ಬರಕ್ಕ ಏನೂ ಆಗಂಗಿಲ್ಲ," ಎಂದು ಧೈರ್ಯ ಹೇಳಿದೆ. ಸರ್ಕಾರದವ ಹೇಳಿದನೆಂದು ಅವಳು ನಂಬಿದಳು. ಜೋಶಿ ಸಾಹೇಬರು ಬಂದು ನೋಡಿ ಬೆನ್ನು ತಟ್ಟಿದರು. ತಿಂಗಳ ಸಭೆಯಲ್ಲಿ ನನ್ನನ್ನು ನಿಲ್ಲಿಸಿ, ತಿಪ್ಪೆ ಶುದ್ಧ ಮಾಡುವ ಕ್ರಮವನ್ನು ಉಳಿದ ಗ್ರಾಮಸೇವಕರಿಗೆ ವಿವರಿಸಲು ಹೇಳಿದರು. ನಾನು ವಿವರಿಸಿದೆ. ಚಪ್ಪಾಳೆ ಬಿತ್ತು.

ಬೇಸಿಗೆ ಬಂತು. ಅಷ್ಟರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು, ಕಚೇರಿಗೆ ಕನ್ನಡದ ಫಾರ್ಮುಗಳು ಬರತೊಡಗಿದ್ದವು. ಗಂಗವ್ವ ತಿಪ್ಪೆ ಕಡಿಯಲು ನಿಂತಳು. ಒಂದು ಹೆಂಟೆ ಒಡೆದಳು, ಇನ್ನೊಂದು ಒಡೆದಳು. ನೂಲು ಇರಲಿಲ್ಲ. ಅವಳು ಸೊಸೆಯ ಕೈಗಳ ಕಡೆ ನೋಡಿದಳು. ನಾನು ಅಲ್ಲೇ ಇದ್ದೆ. "ಚಲೋ ಕೊಳತೈತಿ, ಹೇರ್ರಿ," ಎಂದು ನಾನೇ ಒತ್ತಾಯ ಮಾಡಿ ಚಕ್ಕಡಿ ತುಂಬಿಸಿದೆ. ಹಿಂದಿನ ವರ್ಷದ ಹಳೆಯ ಗೊಬ್ಬರ ಒಂದು ಚಕ್ಕಡಿಯಷ್ಟು ಹೊಲದ ಬದುವಿನಲ್ಲಿ ಉಳಿದಿತ್ತು. ಅದನ್ನು ಬನ್ನಿಗಿಡದ ಕಡೆಯ ಪಟ್ಟಿಗೆ ಹರಡಿದರು. ಉಳಿದ ಹೊಲಕ್ಕೆಲ್ಲ ನನ್ನ ಶುದ್ಧ ಗೊಬ್ಬರ.

ಮಳೆ ಚೆನ್ನಾಗಿಯೇ ಆಯಿತು. ಸಜ್ಜೆ ಬಂತು, ಕೊಯ್ದರು. ತೊಗರಿ ಸಾಲುಗಳು ಹೂವಾಡಿ ನಿಂತವು. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಎಡೆಯ ಅಡುಗೆಯನ್ನು ಚರಗವೆಂದು ಭೂಮಿಗೆ ಚೆಲ್ಲಿ ಅಲ್ಲೇ ಉಣ್ಣುವುದು ನಮ್ಮ ಕಡೆಯ ಪದ್ಧತಿ. ನನ್ನನ್ನೂ ಕರೆದಿದ್ದರು. ಹೊಲದ ಅಂಚಿಗೆ ಸೈಕಲ್ ನಿಲ್ಲಿಸಿ ನೋಡಿದೆ. ತೊಗರಿ ಸಾಲು ಸಾಲೇ ಒಣಗಿ ನಿಂತಿತ್ತು. ಒಂದು ಗಿಡದ ಬುಡ ಸೀಳಿದೆ, ಒಳಗೆ ಕಪ್ಪು ಗೆರೆ. ನೆಟೆ ರೋಗವೇ. ಊಟಕ್ಕೆ ಇನ್ನೂ ಹೊತ್ತಿತ್ತು. ನಾನು ಒಬ್ಬನೇ ಬನ್ನಿಗಿಡದ ಕಡೆ ನಡೆದೆ. ಹಳೆಯ ಗೊಬ್ಬರ ಬಿದ್ದ ಪಟ್ಟಿಯಲ್ಲಿ ತೊಗರಿ ಹಸಿರಾಗಿ ನಿಂತಿತ್ತು, ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಹೋಗಿತ್ತು. ಕುಡಗೋಲಿನಿಂದ ಒಂದು ಗಿಡದ ಬುಡ ಬಿಡಿಸಿ ಬೇರು ಎತ್ತಿದೆ. ಬೇರಿನ ಸಣ್ಣ ಕವಲುಗಳಿಗೆ ಗೊಬ್ಬರದ ಹರಳು ಅಂಟಿಕೊಂಡಿದ್ದವು. ಹರಳಿನಿಂದ ಬೇರಿಗೆ, ಬೇರಿನಿಂದ ಹರಳಿಗೆ ಬಿಳಿನೂಲು ಹಬ್ಬಿತ್ತು. ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ಆಚೆಯ ಸಾಲಿನಲ್ಲಿ ಐದಾರು ಗಿಡ ಕಿತ್ತು ನೋಡಿದೆ. ಬೇರು ಕಪ್ಪಾಗಿತ್ತು, ನೂಲಿನ ಸುಳಿವಿಲ್ಲ. ಒಂದು ಹೊಲ ಒಂದು ವರ್ಷ ನೋಡಿ ಏನನ್ನೂ ಸಿದ್ಧ ಮಾಡಲಾಗದು ಎಂಬುದು ನನಗೂ ಗೊತ್ತು. ಆದರೆ ನಾನು ಕೊಂದದ್ದು ರೋಗವನ್ನಲ್ಲ, ರೋಗವನ್ನು ತಡೆಯುತ್ತಿದ್ದುದನ್ನು ಎಂಬುದು ಆ ಬನ್ನಿಗಿಡದ ಕೆಳಗೆ ನನಗೆ ತಿಳಿದುಹೋಯಿತು.

ಊಟಕ್ಕೆ ಕುಳಿತೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಎಳ್ಳಿನ ಹೋಳಿಗೆ ಎಲ್ಲ ಇತ್ತು. ನೀಲವ್ವ ಬಡಿಸಲು ಬುಟ್ಟಿ ಎತ್ತಿಕೊಂಡಾಗ ಗಂಗವ್ವ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

"ನೀ ಕುಂದರು. ನಿನ್ನ ಕೈ ನಮ್ಮ ಮಣ್ಣಿಗಿ ಆಗಿ ಬರಲಿಲ್ಲ."

ಗಂಗವ್ವ ನನ್ನ ಕಡೆ ತಿರುಗಿದಳು. "ನೀವೇ ಹೇಳ್ರಿ, ಸರ್ಕಾರದ ಔಷಧ ಹೊಡದ್ರೂ ರೋಗ ಬಂತಂದ್ರ ಅದು ಕೈಗುಣ ಅಲ್ದ ಮತ್ತೇನು? ಹೆಪ್ಪು ಹತ್ತಲೇ ಇಲ್ಲ."

ನನ್ನ ಕೈಯಲ್ಲಿ ರೊಟ್ಟಿ ಇತ್ತು. ಉಗುರಿನ ಸಂದಿಯಲ್ಲಿ ಆಗ ತಾನೇ ಬೇರು ಕಿತ್ತ ಮಣ್ಣಿತ್ತು. ನೀಲವ್ವ ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದಳು. ತಡೀರಿ ಎಂದು ಹೇಳಿದ್ದವಳು ಅವಳೊಬ್ಬಳೇ. ನಾನು ಬಾಯಿ ಬಿಡಲಿಲ್ಲ. ರೊಟ್ಟಿ ಮುರಿದು ತಿಂದೆ. ಹದಿನೈದು ದಿನದೊಳಗೆ ಅವಳನ್ನು ದೇವರ ಹಿಪ್ಪರಗಿಗೆ ಅಣ್ಣನ ಮನೆಗೆ ಕಳಿಸಿದರು. ಮತ್ತೆ ಯಾವಾಗ ಕರೆಸುತ್ತೇವೆ ಎಂದು ಹೇಳಿ ಕಳಿಸಲಿಲ್ಲ.

ಗಂಗವ್ವ ಕೆಟ್ಟವಳಲ್ಲ. ಅವಳಿಗೆ ಗೊತ್ತಿದ್ದ ಎರಡು ಕಾರಣಗಳಲ್ಲಿ ಒಂದಾದ ಔಷಧವನ್ನು ನಾನು ನನ್ನ ಸರ್ಕಾರಿ ಮಾತಿನಿಂದ ಮುಚ್ಚಿಬಿಟ್ಟಿದ್ದೆ. ಉಳಿದದ್ದು ಸೊಸೆಯ ಕೈ.

ಜೋಶಿ ಸಾಹೇಬರ ಮುಂದೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಬೆತ್ತವನ್ನು ಮೇಜಿನ ಮೇಲೆ ಅಡ್ಡ ಇಟ್ಟರು. "ಹವಾಮಾನ ಸರಿ ಇರಲಿಲ್ಲ ಅಂತ ಬರಿ. ಮನೆಯೊಳಗಿನ ಮಾತಿಗೆ ನಾವು ಹೋಗೋದು ಬೇಡ. ಒಂದು ಔಷಧ ತಪ್ಪು ಅಂದ್ರ, ನಾಳೆ ಯಾವ ಔಷಧಕ್ಕೂ ಬಾಗಿಲು ತೆಗೆಯೋದಿಲ್ಲ ಜನ," ಎಂದರು. ನನಗೆ ಬೇಕಾಗಿದ್ದದ್ದೂ ಅದೇ. ಅವರ ಮೇಲೆ ಹಾಕಿ ನಾನು ಹಗುರಾದೆ. ಸ್ವಲ್ಪ ದಿನಕ್ಕೆ ನನ್ನನ್ನು ಇಂಡಿಗೆ ವರ್ಗ ಮಾಡಿದರು. ಯಂಕಂಚಿ ದೂರವಾಯಿತು, ಅದೂ ಅನುಕೂಲವೇ ಆಯಿತು.

ಇಂಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ಹಸನಸಾಬ ಎಂಬ ಮುದುಕರು ಲಿಂಬೆ ತೋಟ ಮಾಡಿದ್ದರು. ಒಂದು ದಿನ ನನ್ನನ್ನು ತಮ್ಮ ತಿಪ್ಪೆಯ ಹತ್ತಿರ ಕರೆದೊಯ್ದು, "ತಿಪ್ಪಿ ಔಷಧ ಕೊಡ್ರಿ. ಯಂಕಂಚ್ಯಾಗ ಹೊಡದಾರಂತ, ಭಾಳ ಚಲೋ ಆಗೈತಂತ," ಎಂದರು. ನಾನು ಸಭೆಯಲ್ಲಿ ವಿವರಿಸಿದ್ದು ಕಾಲು ಬಂದು ಇಲ್ಲಿಯವರೆಗೆ ನಡೆದು ಬಂದಿತ್ತು. ತಲೆ ತಗ್ಗಿಸಿ ನಿಂತೆ. ಕೊನೆಗೆ, "ಬ್ಯಾಡ ಕಾಕಾ, ಅದು ನನ್ನ ತಪ್ಪು. ಆ ನೂಲು ಇರಬೇಕು, ಅದು ಬೇರಿಗೆ ಬೇಕಾದದ್ದು," ಎಂದು ಹೇಳಿ, ಸೊಸೆಯ ಸಂಗತಿಯನ್ನೂ ಹೇಳಿಬಿಟ್ಟೆ.

ಹಸನಸಾಬರು ಬೀಡಿ ಆರಿಸಿದರು. "ಇದನ್ನ ಆ ಮನ್ಯಾಗ ಹೇಳೀರೇನು?"

"ಇಲ್ಲ."

"ಮತ್ತ ನನಗ್ಯಾಕ ಹೇಳತೀರಿ?"

ಮರುದಿನ ರಜೆ ಚೀಟಿ ಬರೆದಿಟ್ಟು ಬಸ್ಸಿನಲ್ಲಿ ಸಿಂದಗಿಗೆ ಹೋದೆ. ಜೋಶಿ ಸಾಹೇಬರಿಗೆ ಹೇಳಿಯೇ ಹೋಗೋಣವೆಂದು ಕಚೇರಿಗೆ ನುಗ್ಗಿದರೆ ಅವರು ಬಯ್ಯಲಿಲ್ಲ. "ಕಾಗದದಲ್ಲಿ ನನ್ನಿಂದ ಆಗೋದಿಲ್ಲ. ಬಾಯಿಂದ ನೀನು ಹೇಳಿದರೆ ನಾನು ಕೇಳಿಲ್ಲ," ಎಂದು ತಮ್ಮ ಸೈಕಲ್ಲನ್ನೇ ಕೊಟ್ಟರು. ಮೇಲಧಿಕಾರಿಗಳಲ್ಲಿ ಇಷ್ಟು ಮಾಡುವವರೂ ಕಡಿಮೆ.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಗಂಗವ್ವ ಎತ್ತಿನ ಹಗ್ಗ ಹೊಸೆಯುತ್ತಾ ಕಟ್ಟೆಯ ಮೇಲೆ ಕುಳಿತಿದ್ದಳು. ಶರಣಪ್ಪನೂ ಇದ್ದ. ನಾನು ಚಹಾ ಬರುವುದಕ್ಕೆ ಮೊದಲೇ ಹೇಳಿದೆ. ನಾಯಿಕೊಡೆಯಿಂದ ಹಿಡಿದು ಬನ್ನಿಗಿಡದ ಕೆಳಗಿನ ಬೇರಿನವರೆಗೆ ಎಲ್ಲವನ್ನೂ ಹೇಳಿದೆ. ಗಂಗವ್ವನ ಕೈ ಹಗ್ಗದ ಮೇಲೆ ನಿಂತುಬಿಟ್ಟಿತು.

"ಅಂದ್ರ ಆಕೀ ಕೈ ಚಲೋ ಇತ್ತು."

"ಚಲೋ ಇತ್ತವ್ವಾ. ಹೆಪ್ಪು ಹತ್ತಿತ್ತು. ನಾನೇ ಸುಟ್ಟೆ."

ಅವಳು ನನ್ನನ್ನು ಬಯ್ಯುತ್ತಾಳೆಂದು ಕಾದೆ. ಅವಳು ಬಯ್ದದ್ದು ತನ್ನನ್ನೇ. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, "ಶರಣಪ್ಪಾ, ಚಕ್ಕಡಿ ಹೂಡು. ಮೀರಾಸಾಬ, ನೀನೂ ಹತ್ತು. ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳಬೇಕು," ಎಂದಳು. ಅದುವರೆಗೆ ತಮ್ಮಾ, ಸಾಹೇಬ್ರ ಎನ್ನುತ್ತಿದ್ದವಳು ಅಂದು ಮೊದಲ ಸಲ ನನ್ನ ಹೆಸರು ಹಿಡಿದಳು.

ದೇವರ ಹಿಪ್ಪರಗಿಯಲ್ಲಿ ನೀಲವ್ವನ ಅಣ್ಣನ ಮನೆಯ ಅಂಗಳದಲ್ಲಿ, ನೆರೆಯವರು ನಿಂತು ಕೇಳುತ್ತಿರುವಾಗ ಇನ್ನೊಮ್ಮೆ ಎಲ್ಲ ಹೇಳಿದೆ. ಗಂಗವ್ವ, "ನನ್ನ ಬಾಯಿ ತಪ್ಪಾತು, ಮನಿಗಿ ಬಾ ಯವ್ವಾ," ಎಂದಳು. ಬಾಗಿಲ ಹಿಂದೆ ನಿಂತಿದ್ದ ನೀಲವ್ವ ಅತ್ತೆಗೆ ಉತ್ತರ ಕೊಡಲಿಲ್ಲ. ನನ್ನನ್ನು ಕೇಳಿದಳು.

"ಯಾವಾಗಿಂದ ಗೊತ್ತಿತ್ರಿ ನಿಮಗ?"

"ಎಳ್ಳಮಾಸಿ ದಿನದಿಂದ."

"ಊಟಕ್ಕ ಕುಂತಾಗ?"

"ಅದಕ್ಕೂ ಮೊದಲ."

ಅವಳು ಒಳಗೆ ಹೋಗಿ ಗಂಟು ಕಟ್ಟಿಕೊಂಡು ಬಂದು ಚಕ್ಕಡಿ ಹತ್ತಿದಳು. ದಾರಿಯುದ್ದಕ್ಕೂ ನನಗೆ ಬೆನ್ನು ಮಾಡಿ ಕುಳಿತಿದ್ದಳು.

ಸಗಣಿಯಲ್ಲಿ ಹುಟ್ಟುವ ಬೂಸ್ಟುಗಳಲ್ಲಿ ಕೆಲವು ಗಿಡದ ಬೇರಿಗೆ ಕೇಡು ಮಾಡದೆ ಅದರ ಜೊತೆಗೇ ಬದುಕುತ್ತವೆ, ರೋಗ ತರುವ ಬೂಸ್ಟನ್ನು ಹತ್ತಿರ ಬರಗೊಡುವುದಿಲ್ಲ ಎಂದು ಈಗ ಓದಿದವರು ಹೇಳುತ್ತಾರೆ. ಎಲ್ಲ ಬೂಸ್ಟೂ ಹಾಗಲ್ಲ ಎಂದೂ ಹೇಳುತ್ತಾರೆ. ಯಾವುದು ಹೌದು, ಯಾವುದು ಅಲ್ಲ ಎಂದು ಕಣ್ಣಿನಿಂದಲೇ ವಿಂಗಡಿಸುವ ವಿದ್ಯೆ ನನಗೆ ಕೊನೆಯವರೆಗೂ ಬರಲಿಲ್ಲ. ಮುಂದೆ ಮುದ್ದೇಬಿಹಾಳದ ಕಡೆ ಕುರಿ ನಿಲ್ಲಿಸಿದ ಹೊಲಗಳಲ್ಲಿ ಕುಳಿತು ಹಿಕ್ಕೆ ಒಡೆದು ಒಡೆದು ನೋಡಿದ್ದೇನೆ. ಕುರಿಯ ಹಿಕ್ಕೆಯ ಮೇಲೆ ಏಳುವುದು ಬೇರೆ, ಎಮ್ಮೆಯ ಸಗಣಿಯ ಮೇಲೆ ಏಳುವುದು ಬೇರೆ. ಇಷ್ಟು ಮಾತ್ರ ಕಲಿತೆ. ಹೊಸಬರಿಗೆ ನಾನು ಹೇಳುವುದೂ ಸ್ವಲ್ಪವೇ. ಗೊತ್ತಿಲ್ಲದ್ದರ ಮೇಲೆ ಔಷಧ ಹೊಡೆಯುವ ಮೊದಲು ಆ ತಿಪ್ಪೆಗೆ ದಿನಾ ಸಗಣಿ ಹೊರುವವರನ್ನು ಕೇಳಿರಿ. ತಪ್ಪಿದಿರಿ ಎಂದು ತಿಳಿದ ದಿನವೇ, ಊಟಕ್ಕೆ ಕೂರುವ ಮೊದಲೇ ಹೇಳಿರಿ. ನಾನು ಆರು ತಿಂಗಳು ತೆಗೆದುಕೊಂಡೆ.

ಮರುವರ್ಷದ ಶ್ರಾವಣಕ್ಕೆ ನನ್ನನ್ನು ಮತ್ತೆ ಸಿಂದಗಿ ಕಡೆಗೇ ಹಾಕಿದರು. ಮಳೆ ಬಿಟ್ಟ ಒಂದು ಬೆಳಿಗ್ಗೆ ಗಂಗವ್ವನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಅಕ್ಕಡಿ ಕಾಳು ಆರಿಸುತ್ತಾ ಕುಳಿತಿದ್ದಳು. ಹಿತ್ತಲಲ್ಲಿ, ಬನ್ನಿಗಿಡದ ಪಟ್ಟಿಯಿಂದ ತಂದ ಗೊಬ್ಬರದಿಂದ ಮತ್ತೆ ಹೆಪ್ಪು ಹಾಕಿದ ತಿಪ್ಪೆಯ ತುಂಬ ನಾಯಿಕೊಡೆ ಎದ್ದಿದ್ದವು. ಸಂತೋಷಕ್ಕೆ ಮೈಮರೆತೆ. ಹತ್ತಿರದಿಂದ ನೋಡಬೇಕೆಂದು ನಾಲ್ಕು ಹೆಜ್ಜೆ ಇಟ್ಟೆ. ಬುಟ್ಟಿ ಹೊತ್ತು ಕೊಟ್ಟಿಗೆಯಿಂದ ಬಂದ ನೀಲವ್ವ ತಿಪ್ಪೆಗೂ ನನಗೂ ನಡುವೆ ನಿಂತಳು.

"ಅಲ್ಲೇ ನಿಂದರ್ರಿ, ಸಾಹೇಬ್ರ."

ಮನೆಗೆ ಬಂದವರಿಗೆ ಯಾರಾದರೂ ಬಿರುಸಾಗಿ ಮಾತಾಡಿದರೆ ಗಂಗವ್ವ ಸುಮ್ಮನಿರುವವಳಲ್ಲ. ಅಂದು ಕಾಳಿನಿಂದ ತಲೆಯನ್ನೂ ಎತ್ತಲಿಲ್ಲ. ನಾನು ಅಲ್ಲೇ ನಿಂತೆ. ನೀಲವ್ವ ಸಗಣಿ ಸುರಿದು, ಅದರ ಮೇಲೆ ಹಳೆಯ ಗೊಬ್ಬರವನ್ನು ಕೈಯಿಂದ ಉದುರಿಸಿ, ಬುಟ್ಟಿ ಬಡಿದು ಒಳಗೆ ಹೋದಳು. ಮುಂದೆ ನಾಲ್ಕು ವರ್ಷ ಆ ಊರಿಗೆ ಹೋಗುತ್ತಿದ್ದೆ. ಅವರ ಮನೆಯಲ್ಲಿ ಚಹಾ ಕುಡಿದೆ, ಉಂಡೆ, ಶರಣಪ್ಪನ ಮಗಳ ತೊಟ್ಟಿಲಿಗೂ ಹೋಗಿ ಬಂದೆ. ತಿಪ್ಪೆಯ ಹತ್ತಿರ ಮಾತ್ರ ನೀಲವ್ವ ಒಂದು ಸಲವೂ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ.